ತೀರಾ ಕಡಿಮೆ ಜನ ಬಳಸಿದ ಫೈಲು

ಊರಿನ ಕನ್ನಡಕದ ಅಂಗಡಿಗಳಲ್ಲಿ ಅವನನ್ನು ಅಪ್‌ಡೇಟಪ್ಪ ಎಂದು ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಅವನಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಒಳಗೊಳಗೇ ಖುಷಿಪಡುತ್ತಿದ್ದ. ಅಡ್ಡಹೆಸರು ಇಡಬೇಕಾದರೆ ನಾಲ್ಕು ಜನ ನಮ್ಮ ಬಗ್ಗೆ ಮಾತಾಡಿರಬೇಕು ತಾನೇ? ಐವತ್ತಾರು ವಯಸ್ಸಿನ, ಮದುವೆಯಾಗದ, ತಾಯಿ ತೀರಿಕೊಂಡ ಮೇಲೆ ಎರಡು ಕೋಣೆಯ ಮಹಡಿ ಮನೆಯಲ್ಲಿ ಒಬ್ಬನೇ ಉಳಿದ ಮನುಷ್ಯನಿಗೆ ಅಷ್ಟು ಸಿಕ್ಕರೂ ಕಡಿಮೆಯೇನಲ್ಲ.

ಮೊದಲು ಅವನು ಕನ್ನಡಕದ ಗಾಜು ಉಜ್ಜುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅಂಗಡಿಗಳಿಂದ ಚೀಟಿಗಳು ಬರುತ್ತಿದ್ದವು. ಬಲಗಣ್ಣು ಇಷ್ಟು, ಎಡಗಣ್ಣು ಇಷ್ಟು ಎಂದು ಗೀಚಿರುತ್ತಿದ್ದರು. ಗೀಚಿದ್ದು ಎಂದರೆ ಗೀಚಿದ್ದೇ. ಅದು ಮೈನಸ್ ಗೆರೆಯೋ, ಪೆನ್ನು ಜಾರಿದ್ದೋ, ಬ್ರಹ್ಮನಿಗೂ ಗೊತ್ತಾಗುತ್ತಿರಲಿಲ್ಲ. ಒಮ್ಮೆ ಒಬ್ಬ ಟೀಚರಮ್ಮನಿಗೆ ಮೈನಸ್ ಬದಲು ಪ್ಲಸ್ ಗಾಜು ಹೋಗಿ, ಆಕೆ ಮೆಟ್ಟಿಲಲ್ಲಿ ಕಾಲು ತಪ್ಪಿ ಬಿದ್ದು ಕೈ ಮುರಿದುಕೊಂಡಳು. ಆ ಗಾಜು ಉಜ್ಜಿದವನು ಇವನು. ಚೀಟಿಯಲ್ಲಿದ್ದದ್ದನ್ನು ಉಜ್ಜಿದ್ದೀಯ, ನಿನ್ನದೇನು ತಪ್ಪು ಎಂದು ಎಲ್ಲರೂ ಹೇಳಿದರು. ಆದರೂ ಇವನಿಗೆ ಅನ್ನ ಸೇರಲಿಲ್ಲ. ಹಳೆಯ ಕಂಪ್ಯೂಟರೊಂದನ್ನು ಮನೆಗೆ ತಂದ, ಪುಸ್ತಕ ಮುಂದಿಟ್ಟುಕೊಂಡು ಎರಡು ವರ್ಷ ಒದ್ದಾಡಿದ, ಕೊನೆಗೆ ಒಂದು ಪ್ರೋಗ್ರಾಮು ಬರೆದ. ಅದಕ್ಕೆ 'ನೋಟ' ಎಂದು ಹೆಸರಿಟ್ಟ.

ನೋಟದಲ್ಲಿ ಅಂಗಡಿಯವರು ಗಿರಾಕಿಯ ಕಣ್ಣಿನ ನಂಬರು ಹೊಡೆದರೆ ಸಾಕು, ಕಾರ್ಖಾನೆಗೆ ಹೋಗುವ ಚೀಟಿ ತಾನೇ ಮುದ್ರಣವಾಗುತ್ತಿತ್ತು. ಮೈನಸ್ ಎಂದರೆ ಮೈನಸ್, ಪ್ಲಸ್ ಎಂದರೆ ಪ್ಲಸ್. ಯಾರ ಕಣ್ಣು ಯಾವ ವರ್ಷ ಎಷ್ಟಿತ್ತು ಎಂಬುದೂ ಅದರಲ್ಲಿ ಉಳಿಯುತ್ತಿತ್ತು. ಹತ್ತು ಹನ್ನೆರಡು ವರ್ಷದಲ್ಲಿ ಇಪ್ಪತ್ತಮೂರು ಅಂಗಡಿಗಳು ಅದನ್ನು ಹಾಕಿಸಿಕೊಂಡವು. ಜಗತ್ತಿನಲ್ಲೆಲ್ಲ ಆ ಪ್ರೋಗ್ರಾಮು ಇದ್ದದ್ದು ಆ ಇಪ್ಪತ್ತಮೂರು ಕಂಪ್ಯೂಟರುಗಳಲ್ಲಿ, ಮತ್ತು ಇವನ ಮನೆಯದರಲ್ಲಿ. ಅದು ಕೆಡುತ್ತಲೂ ಇರಲಿಲ್ಲ. ಕೆಡದ ವಸ್ತು ಮಾಡಿದವನನ್ನು ಯಾರು ಕರೆಯುತ್ತಾರೆ ಹೇಳಿ? ತಾಯಿ ಹೋದ ಮೇಲೆ ಅವನ ಫೋನಿಗೆ ಬರುತ್ತಿದ್ದ ಕರೆ ವಾರಕ್ಕೆ ಒಂದೇ. ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಬೇರೆ ಊರಿನಲ್ಲಿದ್ದ ಅಕ್ಕನದು.

"ಲೋ, ಊಟ ಮಾಡಿದ್ಯಾ?"

"ಹತ್ತು ಗಂಟೆಗೆ ಯಾರು ಊಟ ಮಾಡ್ತಾರೆ ಅಕ್ಕಾ?"

"ತಿಂಡಿ ಆದ್ರೂ ತಿಂದ್ಯಾ?"

ತಿಂದೆ ಎನ್ನುತ್ತಿದ್ದ. ಅಲ್ಲಿಗೆ ಆ ವಾರದ ಮಾತು ಮುಗಿಯುತ್ತಿತ್ತು.

ನಾಲ್ಕು ವರ್ಷದ ಹಿಂದೆ ಅಂಗಡಿಯವರು ಒಬ್ಬರಾದ ಮೇಲೆ ಒಬ್ಬರು ಹೊಸ ಕಂಪ್ಯೂಟರ್ ಕೊಂಡರು. ಅದರೊಳಗೆ ಹೊಸ ಆಂಟಿವೈರಸ್ ಇತ್ತು. ಇವನು ಅದೇ ಸಮಯಕ್ಕೆ ನೋಟದಲ್ಲಿ ಒಂದು ಸಣ್ಣ ತಿದ್ದುಪಡಿ ಮಾಡಿ ಎಲ್ಲರಿಗೂ ಕಳಿಸಿದ. ಮಾರನೆಯ ದಿನ ಬೆಳಿಗ್ಗೆ ಅಂಗಡಿಗಳ ಬಾಗಿಲು ತೆಗೆಯುವುದೇ ತಡ, ಫೋನು ಹೊಡೆದುಕೊಳ್ಳಲು ಶುರುವಾಯಿತು. ಎಲ್ಲರ ಪರದೆಯ ಮೇಲೂ ಒಂದು ಹಳದಿ ಪೆಟ್ಟಿಗೆ ಬಂದು ಕೂತಿತ್ತಂತೆ. 'ಎಚ್ಚರಿಕೆ. ಈ ಫೈಲನ್ನು ತೀರಾ ಕಡಿಮೆ ಜನ ಬಳಸಿದ್ದಾರೆ. ತಯಾರಿಸಿದವರು ಯಾರೆಂದು ತಿಳಿದಿಲ್ಲ.' ಕೆಳಗೆ ಎರಡು ಗುಂಡಿ. ಒಂದು 'ತೆಗೆದುಹಾಕು', ಇನ್ನೊಂದು 'ಅನುಮತಿಸು'.

ಅವನಿಗೆ ಮೈಯೆಲ್ಲ ಉರಿದುಹೋಯಿತು. ಹುಟ್ಟಿದಾಗಿನಿಂದ ಇದೇ ಊರಲ್ಲಿದ್ದೇನೆ, ಯಾರೆಂದು ತಿಳಿದಿಲ್ಲವಂತೆ! ಆ ಸಿಟ್ಟಿನಲ್ಲೇ ಕೂತು ಓದಿ ತಿಳಿದುಕೊಂಡ. ಆಂಟಿವೈರಸ್ ಮೊದಲು ನೋಡುವುದು ಇದು ಗೊತ್ತಿರುವ ಕಳ್ಳ ಫೈಲೇ ಎಂದು. ಅಲ್ಲ ಎಂದಾದರೆ ಇನ್ನೊಂದು ವಿಚಾರಣೆ ಮಾಡುತ್ತದೆ: ಎಷ್ಟು ಜನರ ಕಂಪ್ಯೂಟರಿನಲ್ಲಿ ಇದು ಇದೆ, ಎಷ್ಟು ದಿನದಿಂದ ಇದೆ, ಮಾಡಿದವರ ಸಹಿ ಇದೆಯೇ. ಬಾಡಿಗೆಗೆ ಬಂದವನ ಬಗ್ಗೆ ಮನೆಯವರು ಕೇಳುವುದಿಲ್ಲವೇ, ನಿಮ್ಮನ್ನು ಬಲ್ಲವರು ಯಾರಿದ್ದಾರೆ ಎಂದು, ಹಾಗೆ. ಬಲ್ಲವರಿಲ್ಲ ಎಂದರೆ ಕಳ್ಳ ಎಂದೇನೂ ಅರ್ಥವಲ್ಲ. ಗೊತ್ತಿಲ್ಲ ಎಂದಷ್ಟೇ ಅರ್ಥ. ಆದರೆ ಒಂದು ತಮಾಷೆ ನೋಡಿ, ಫೈಲಿನಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಅದರ ಕಣ್ಣಿಗೆ ಅದು ಬೇರೆಯೇ ಫೈಲು. ಸಂಪಾದಿಸಿದ ಪರಿಚಯವೆಲ್ಲ ಸೊನ್ನೆಗೆ ಬರುತ್ತದೆ. ಮತ್ತೆ ಮೊದಲಿನಿಂದ ಶುರು.

ಆ ವಾರ ಅವನು ಇಪ್ಪತ್ತಮೂರು ಅಂಗಡಿಗೂ ತಾನೇ ಹೋದ. ಪೆಟ್ಟಿಗೆ ನೋಡಿದ, ಫೈಲು ತನ್ನದೇ ಎಂದು ಖಾತ್ರಿ ಮಾಡಿಕೊಂಡ, 'ಅನುಮತಿಸು' ಒತ್ತಿದ. ಕೆಲಸ ಎರಡು ನಿಮಿಷದ್ದು. ಆದರೆ ಬಂದವರನ್ನು ಹಾಗೇ ಕಳಿಸುತ್ತಾರೆಯೇ? ಒಬ್ಬರು ಟೀ ತರಿಸಿದರು. ಇನ್ನೊಬ್ಬರು ಮಗಳ ಮದುವೆಯ ಫೋಟೋ ತೋರಿಸಿದರು. ಮತ್ತೊಬ್ಬರು, ಏನ್ ಸ್ವಾಮಿ ಇಷ್ಟು ಸೊರಗಿದ್ದೀರಿ ಎಂದು ಕೇಳಿದರು. ಯಾರಾದರೂ ಅವನ ಮುಖ ನೋಡಿ ಮಾತಾಡಿ ಎಷ್ಟು ಕಾಲವಾಗಿತ್ತೋ! ಮನೆಗೆ ಬಂದು ಕನ್ನಡಿಯಲ್ಲಿ ನೋಡಿಕೊಂಡ. ಹೌದು, ಸೊರಗಿದ್ದ. ಆದರೆ ಆ ಕ್ಷಣದಲ್ಲಿ ಅವನಿಗಿದ್ದಷ್ಟು ಸಂತೋಷ ಇನ್ಯಾರಿಗೂ ಇರಲಿಲ್ಲ.

ಕೊನೆಗೆ ಹೋದದ್ದು ಬಸ್‌ಸ್ಟಾಪಿನ ಪಕ್ಕದ ಅಂಗಡಿಗೆ. ಉದ್ದಕ್ಕೆ ಇಕ್ಕಟ್ಟಾದ ಜಾಗ. ಎರಡು ಕಡೆ ಗಾಜಿನ ಕಪಾಟು, ಹಿಂದಿನ ಗೋಡೆಯಲ್ಲಿ ಕಣ್ಣು ಪರೀಕ್ಷೆಯ ಅಕ್ಷರಗಳ ಹಲಗೆ. ಗಂಡ ತೀರಿಕೊಂಡ ಮೇಲೆ ಅಂಗಡಿಯನ್ನು ಹೆಂಡತಿಯೇ ನಡೆಸುತ್ತಿದ್ದಳು, ನಲವತ್ತೆಂಟರ ಆಸುಪಾಸಿನವಳು. ಫ್ಯಾನಿನ ಕೆಳಗೆ ಅವಳ ಅತ್ತೆ ಕುರ್ಚಿ ಹಾಕಿಕೊಂಡು ಮೆತ್ತನೆಯ ಬಟ್ಟೆಯಿಂದ ಫ್ರೇಮುಗಳನ್ನು ಒಂದೊಂದಾಗಿ ಒರೆಸುತ್ತ ಕೂತಿರುತ್ತಿದ್ದಳು. ಅಂಗಡಿಯಾಕೆ ಅವನಿಗೆ ಒಂದು ಸ್ಟೂಲು ಎಳೆದು ಕೊಟ್ಟು, "ಕೂತ್ಕೊಳ್ಳಿ ಅಣ್ಣ, ಅವಸರ ಏನಿದೆ" ಎಂದಳು. ಅವಸರ! ಅವನ ಹತ್ತಿರ ಇಲ್ಲದ್ದು ಅದೊಂದೇ. ಗಿರಾಕಿ ಬಂದರು, ಹೋದರು. ಅವನು ಒಂದೂವರೆ ಗಂಟೆ ಕೂತಿದ್ದ. ಅತ್ತೆ ಅವನ ಕೈಗೂ ಒಂದು ಬಟ್ಟೆ ಕೊಟ್ಟು, "ಸುಮ್ನೆ ಕೂರೋ ಬದ್ಲು ಒರೆಸಪ್ಪ" ಎಂದಳು. ಅವನು ಒರೆಸಿದ.

ಆಮೇಲೆ ಪೆಟ್ಟಿಗೆಗಳು ನಿಂತವು, ಫೋನೂ ನಿಂತಿತು. ಎರಡು ತಿಂಗಳು ತಡೆದುಕೊಂಡ. ಮೂರನೆಯ ತಿಂಗಳು ನೋಟದ ಒಂದು ಗುಂಡಿಯ ಬಣ್ಣವನ್ನು ಹಸಿರಿನಿಂದ ನೀಲಿಗೆ ಬದಲಾಯಿಸಿ ಎಲ್ಲರಿಗೂ ಕಳಿಸಿದ. ಬಣ್ಣ ಬದಲಾಯಿಸಿ ಎಂದು ಯಾರೂ ಕೇಳಿರಲಿಲ್ಲ. ಮಾರನೆಯ ದಿನ ಫೋನು ಬಂತು: "ಸ್ವಾಮಿ, ಮತ್ತೆ ಆ ಹಳದಿ ಪೆಟ್ಟಿಗೆ." ಬಂದೆ ಬಂದೆ ಎಂದು ಅವನು ಚಪ್ಪಲಿ ಮೆಟ್ಟಿದ.

ಅವನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಪರಿಹಾರ ಅವನ ಕೈಯಲ್ಲೇ ಇತ್ತು. ಗುರುತಿನ ಪತ್ರ ಕೊಟ್ಟು ಪ್ರೋಗ್ರಾಮಿಗೆ ಹಾಕುವ ಡಿಜಿಟಲ್ ಸಹಿ ಪಡೆದರೆ, ಎಷ್ಟು ಸಲ ಬದಲಾಯಿಸಿದರೂ ಸಹಿ ಮಾಡಿದವನ ಹೆಸರಿನ ಮೇಲೆ ಅದು ನಡೆಯುತ್ತದೆ. ಅದರ ಜೊತೆಗೆ ಆಂಟಿವೈರಸ್ ಕಂಪನಿಯ ಪುಟದಲ್ಲಿ, ಇದು ನನ್ನ ಫೈಲು, ಪರೀಕ್ಷಿಸಿ ನೋಡಿ ಎಂದು ಕಳಿಸಿದರೆ ಎರಡು ದಿನದಲ್ಲಿ ಉತ್ತರ ಬರುತ್ತದೆ. ಆ ಅರ್ಜಿಯನ್ನು ಅವನು ತುಂಬಿಯೂ ಇದ್ದ. ಕಳಿಸುವ ಗುಂಡಿ ಮಾತ್ರ ಒತ್ತಲಿಲ್ಲ. ಒತ್ತಿದರೆ ಪೆಟ್ಟಿಗೆ ಬರುವುದಿಲ್ಲ. ಪೆಟ್ಟಿಗೆ ಬರದಿದ್ದರೆ ಅವನು ಯಾವ ಮುಖ ಹೊತ್ತುಕೊಂಡು ಅಂಗಡಿಗೆ ಹೋಗಬೇಕು? ಸುಮ್ಮನೆ ಬಂದೆ ಎಂದು ಹೇಳಿ ಒಂದು ಅಂಗಡಿಯ ಒಳಗೆ ಹೋಗುವುದು ಅವನ ಜನ್ಮದಲ್ಲಿ ಆಗದ ಮಾತು. ನಾಚಿಕೆ ಸ್ವಭಾವ ಎನ್ನಿ, ಬೆಪ್ಪುತನ ಎನ್ನಿ. ಅಂತೂ ನಾಲ್ಕು ವರ್ಷ ಎರಡು ಎರಡೂವರೆ ತಿಂಗಳಿಗೊಮ್ಮೆ ನೋಟದ ಪರದೆಯಲ್ಲಿ ತಾರೀಕು ಎಡದಿಂದ ಬಲಕ್ಕೆ ಹೋಯಿತು, ಬಲದಿಂದ ಎಡಕ್ಕೆ ಬಂತು, ಅಕ್ಷರ ದಪ್ಪವಾಯಿತು, ಸಣ್ಣದಾಯಿತು. ಇವನು ಬ್ಯಾಗು ಹಾಕಿಕೊಂಡು ಇಪ್ಪತ್ತಮೂರು ಅಂಗಡಿ ಸುತ್ತಿದ. ಬಸ್‌ಸ್ಟಾಪಿನ ಅಂಗಡಿಯನ್ನು ಪ್ರತಿ ಸಲವೂ ಕೊನೆಗೇ ಇಟ್ಟುಕೊಂಡ.

ಅಂಗಡಿಯಾಕೆ ಒಮ್ಮೆ ಕೇಳಿದ್ದಳು. "ಅಲ್ಲ ಅಣ್ಣ, ಇದು ವೈರಸ್ಸು ಗಿರಸ್ಸು ಅಲ್ಲ ತಾನೇ?"

"ಅಯ್ಯೋ, ಅದೊಂದು ಹೆದರುಪುಕ್ಕಲು ನಾಯಿ ಕಣಮ್ಮಾ. ಹೊಸಬರನ್ನ ಕಂಡ್ರೆ ಬೊಗಳುತ್ತೆ. ನೀವು ತಲೆ ಕೆಡಿಸ್ಕೋಬೇಡಿ."

ಅವಳು ನಕ್ಕಳು. ಅವನು ಗುಂಡಿ ಒತ್ತುವುದನ್ನು ಅವಳು ಹಿಂದೆ ನಿಂತು ನೋಡುತ್ತಿದ್ದಳು. ಪೆಟ್ಟಿಗೆಯಲ್ಲಿ 'ವಿವರ' ಎಂಬ ಇನ್ನೊಂದು ಸಣ್ಣ ಜಾಗವಿತ್ತು; ಅಲ್ಲಿ ಒತ್ತಿದರೆ ಫೈಲು ಎಲ್ಲಿಂದ ಬಂತು, ಯಾವಾಗ ಬಂತು, ನಿಜವಾಗಿ ಯಾವ ಬಗೆಯದು ಎಲ್ಲವೂ ಕಾಣುತ್ತಿತ್ತು. ಮೊದಮೊದಲು ಅದನ್ನು ನೋಡಿಯೇ ಮುಂದುವರಿಯುತ್ತಿದ್ದ. ಆಮೇಲಾಮೇಲೆ, ನನ್ನದೇ ಫೈಲು ನಾನೇನು ನೋಡುವುದು ಎಂದು ಬಿಟ್ಟುಬಿಟ್ಟ. ಅವಳು ಕಲಿತದ್ದು ಅವನ ಕೈ ಮಾಡಿದ್ದನ್ನು. ಹಳದಿ ಪೆಟ್ಟಿಗೆ ಬಂದರೆ ಬಲಗಡೆಯ ಗುಂಡಿ. ಅಷ್ಟೇ.

ಆ ವರ್ಷ ಬೇಸಿಗೆಯಲ್ಲಿ ಅವನ ಮಂಡಿ ಕೈಕೊಟ್ಟಿತು. ಅಂಗಡಿಯ ಎರಡು ಮೆಟ್ಟಿಲು ಹತ್ತುವಾಗ ಮುಖ ಹಿಂಡಿಕೊಂಡದ್ದನ್ನು ಅಂಗಡಿಯಾಕೆ ನೋಡಿದಳು. ಅದಾಗಿ ಮೂರು ವಾರಕ್ಕೆ, ಒಂದು ಗುರುವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅವಳ ಫೋನು ಬಂತು. ಅವನು ಆ ತಿಂಗಳು ಏನೂ ಕಳಿಸಿರಲಿಲ್ಲ, ಆದ್ದರಿಂದ ಅಚ್ಚರಿಯಾಯಿತು, ಸುಳ್ಳೇಕೆ, ಖುಷಿಯೂ ಆಯಿತು.

"ಅಣ್ಣಾ, ಬೇಗ ಬರ್ತೀರಾ? ಒಂದೂ ಓಪನ್ ಆಗ್ತಿಲ್ಲ. ಎಲ್ಲಾ ಫೈಲಿನ ಹೆಸರೂ ಏನೇನೋ ಆಗಿದೆ. ಪರದೆ ಮೇಲೆ ಏನೋ ಬೆದರಿಕೆ ಬಂದಿದೆ."

"ಮೊದ್ಲು ನೆಟ್ಟಿನ ವೈರ್ ಕಿತ್ತಾಕಿ. ಪೆನ್‌ಡ್ರೈವ್ ಏನೂ ಸಿಗಿಸ್ಬೇಡಿ. ಅದು ಹೇಳಿದ್ದನ್ನ ಏನೂ ಮಾಡ್ಬೇಡಿ, ಬಂದೆ" ಎಂದ. ಮಂಡಿ ನೋವು ಆ ದಿನ ಅವನಿಗೆ ನೆನಪಿಗೇ ಬರಲಿಲ್ಲ.

ಅಂಗಡಿಯಲ್ಲಿ ಒಬ್ಬ ಬಸ್ ಡ್ರೈವರ್ ಮುರಿದ ಕನ್ನಡಕ ಹಿಡಿದು ನಿಂತಿದ್ದ. ಗಾಜು ಎರಡೂ ಚೂರು. "ಹಳೇ ನಂಬರ್ರೇ ಹಾಕ್ಕೊಡಿ ಅಮ್ಮಾ, ನಿಮ್ಮತ್ರ ಇರುತ್ತಲ್ಲ" ಎನ್ನುತ್ತಿದ್ದ. ಇರುತ್ತಿತ್ತು. ಹನ್ನೊಂದು ವರ್ಷದ ಕಣ್ಣುಗಳು ಆ ಕಂಪ್ಯೂಟರಿನಲ್ಲಿದ್ದವು, ನಾಲ್ಕು ಸಾವಿರದ ಚಿಲ್ಲರೆ ಜನರದು. ಈಗ ಒಂದೂ ಇರಲಿಲ್ಲ. ಯಾರೋ ಎಲ್ಲಕ್ಕೂ ಬೀಗ ಜಡಿದು, ಕೀಲಿ ಬೇಕಾದರೆ ದುಡ್ಡು ಕಳಿಸಿ ಎಂದು ಬರೆದಿದ್ದರು. ಅಂಗಡಿಯಾಕೆಯ ಮುಖ ಸುಣ್ಣದ ಹಾಗಾಗಿತ್ತು.

"ಬೆಳಿಗ್ಗೆ ಒಂದು ಮೇಲ್ ಬಂತು ಅಣ್ಣ. ಹೊಸ ಫ್ರೇಮುಗಳ ಪಟ್ಟಿ ಅಂತ. ತೆಗೆದೆ, ಅದೇ ಹಳದಿ ಪೆಟ್ಟಿಗೆ ಬಂತು. ನಿಮಗೆ ಕಾಲು ನೋವು, ಬಿಸಿಲು ಬೇರೆ, ಇಷ್ಟಕ್ಕೆಲ್ಲ ಯಾಕೆ ಕರೀಬೇಕು ಅಂತ... ನಾನೇ ಒತ್ತಿಬಿಟ್ಟೆ."

ಅವನು ಸ್ಟೂಲು ಎಳೆದುಕೊಂಡು ಕೂತ. ಆಂಟಿವೈರಸ್ಸಿನ ಹಿಂದಿನ ದಾಖಲೆ ತೆಗೆದ. ಮೇಲಿನ ಸಾಲಿನಲ್ಲೇ ಅದು ಇತ್ತು. ಈ ಫೈಲನ್ನು ತೀರಾ ಕಡಿಮೆ ಜನ ಬಳಸಿದ್ದಾರೆ. ವಿವರ ಒತ್ತಿದ: ಮೊದಲು ಕಂಡುಬಂದು ಎರಡು ಗಂಟೆಯಾಗಿದೆ, ಇ-ಮೇಲ್‌ನಲ್ಲಿ ಬಂದದ್ದು, ಹೆಸರಿನಲ್ಲಿ ಪಟ್ಟಿ ಎಂದಿದೆ, ನಿಜದಲ್ಲಿ ಪ್ರೋಗ್ರಾಮು. ಪಟ್ಟಿ ಎಂದು ಹೇಳಿಕೊಂಡು ಬಂದದ್ದು ಪ್ರೋಗ್ರಾಮಾದರೆ ಅಲ್ಲಿಗೇ ನಿಲ್ಲಬೇಕು. ಅಳಿಸಲೂ ಬೇಡ, ತೆರೆಯಲೂ ಬೇಡ. ಪ್ರತ್ಯೇಕವಾಗಿ ಕೂಡಿಹಾಕಿಟ್ಟು, ಕಳಿಸಿದವರಿಗೆ ಫೋನು ಮಾಡಿ, ನೀವೇ ಕಳಿಸಿದ್ದೇ ಎಂದು ಕೇಳಬೇಕು. ಎರಡು ನಿಮಿಷದ ಕೆಲಸ. ನಾಲ್ಕು ವರ್ಷದಲ್ಲಿ ಆ ಎರಡು ನಿಮಿಷದ ಪಾಠವನ್ನು ಅವನು ಹೇಳಿಕೊಡಲಿಲ್ಲ. ಹೇಳಿಕೊಟ್ಟಿದ್ದರೆ ಅವಳಿಗೆ ಅವನು ಬೇಕಾಗುತ್ತಿರಲಿಲ್ಲ.

ಆ ಸಾಲಿನ ಕೆಳಗೆ ಉದ್ದಕ್ಕೆ ಬೇರೆ ಸಾಲುಗಳಿದ್ದವು. ನೋಟ, ಅನುಮತಿಸಲಾಗಿದೆ. ನೋಟ, ಅನುಮತಿಸಲಾಗಿದೆ. ಹತ್ತೊಂಬತ್ತು ಸಲ.

ಅಂಗಡಿಯಾಕೆ ಬಗ್ಗಿ ನೋಡಿದಳು. "ಇಷ್ಟೊಂದು ಸಲ ಏನ್ ಬದಲಾಯಿಸಿದ್ರಿ ಅಣ್ಣ?"

"ಹೀಗೇ, ಸುಧಾರಣೆ" ಎಂದ.

"ಪಾಪ, ನೀವು ಇಷ್ಟು ಕಷ್ಟಪಟ್ಟು ಮಾಡಿದ್ದನ್ನ ನಾನು ಒಂದು ಕ್ಷಣದಲ್ಲಿ ಹಾಳ್ಮಾಡ್ದೆ" ಎಂದಳು ಅವಳು. ಹೇಳಿ, ಇದಕ್ಕಿಂತ ಬೈಸಿಕೊಳ್ಳುವುದು ಹಿತವಲ್ಲವೇ?

ವಾರಕ್ಕೊಮ್ಮೆ ನೋಟ ಒಂದು ಪ್ರತಿ ತೆಗೆದಿಡುತ್ತಿತ್ತು, ಆದರೆ ಅದೇ ಕಂಪ್ಯೂಟರಿನಲ್ಲಿ. ಅದಕ್ಕೂ ಬೀಗ ಬಿದ್ದಿತ್ತು. ಪುಣ್ಯಕ್ಕೆ ಏಳು ತಿಂಗಳ ಹಿಂದೆ ಕಂಪ್ಯೂಟರ್ ರಿಪೇರಿ ಮಾಡುವಾಗ ತೆಗೆದುಕೊಂಡಿದ್ದ ಪ್ರತಿ ಅವನ ಮನೆಯಲ್ಲಿತ್ತು. ಕಂಪ್ಯೂಟರನ್ನು ಪೂರ್ತಿ ಅಳಿಸಿ, ಹೊಸದಾಗಿ ಕಟ್ಟಿ ಅದನ್ನು ಹಾಕಿದ. ಆಮೇಲಿನ ಏಳು ತಿಂಗಳಿಗೆ ಒಂದೇ ದಾರಿ. ಅವನು ಹಿಂದೆ ಕೆಲಸ ಮಾಡಿದ್ದ ಕಾರ್ಖಾನೆಯಲ್ಲಿ ಚೀಟಿಗಳನ್ನು ತಂತಿಗೆ ಚುಚ್ಚಿ ಇಟ್ಟಿರುತ್ತಾರೆ. ಹೋಗಿ ಕೇಳಿ, ಈ ಅಂಗಡಿಯ ಆರುನೂರು ಚಿಲ್ಲರೆ ಚೀಟಿಗಳನ್ನು ಆರಿಸಿ ತಂದ. ಸ್ಟೂಲಿನ ಮೇಲೆ ಕೂತು ಒಂದೊಂದನ್ನೇ ಮತ್ತೆ ಹೊಡೆಯತೊಡಗಿದ. ಅವಳು ಓದಿ ಹೇಳುತ್ತಿದ್ದಳು. "ಬಲ, ಮೈನಸ್ ಎರಡೂಕಾಲು. ಎಡ, ಮೈನಸ್ ಎರಡು." ಅವನು ಹೊಡೆಯುತ್ತಿದ್ದ. ಡ್ರೈವರನ ಚೀಟಿ ನಾಲ್ಕನೆಯ ದಿನ ಸಿಕ್ಕಿತು. ಅಷ್ಟರಲ್ಲಿ ಆ ಡ್ರೈವರ್ ಕನ್ನಡಕವಿಲ್ಲದೆ ನಾಲ್ಕು ದಿನ ರಜೆ ಹಾಕಿದ್ದ.

ಹನ್ನೆರಡು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಆ ಅಂಗಡಿಯಲ್ಲಿ! ಅವನು ಇಷ್ಟು ದಿನ ಬೇಡಿಕೊಂಡಿದ್ದು ಅದನ್ನೇ, ಆದರೂ ತರಿಸಿದ ಟೀ ಹಾಗೇ ಆರಿಹೋಗುತ್ತಿತ್ತು. ಏಕೆಂದರೆ ಫ್ಯಾನಿನ ಕೆಳಗೆ ಅತ್ತೆ ಬಾಯಿ ಮುಚ್ಚುತ್ತಿರಲಿಲ್ಲ.

"ನನ್ನ ಮಗ ಇದ್ದಿದ್ರೆ ಹಿಂಗಾಗ್ತಿತ್ತಾ? ಓದಿದೋಳು ಅಂತ ಗಲ್ಲಾದಲ್ಲಿ ಕೂರಿಸಿದ್ದಕ್ಕೆ ಅಂಗಡೀನೇ ಗುಡಿಸಿ ಹಾಕಿದ್ಲು. ಇನ್ಮೇಲೆ ನಿನ್ನ ಮೈದುನನ್ನ ಕೂರಿಸ್ತೀನಿ. ನೀನು ಮನೇಲಿರು."

ಸೊಸೆ ಚೀಟಿ ಓದುವ ದನಿ ದಿನೇ ದಿನೇ ಸಣ್ಣದಾಯಿತು. ಹತ್ತನೆಯ ದಿನ, ಅತ್ತೆ ಒಳಗೆ ಹೋದಾಗ, ಅವಳು ಚೀಟಿಯಿಂದ ಕಣ್ಣೆತ್ತದೆ ಹೇಳಿದಳು: "ಅವ್ರು ಹೇಳೋದು ಸರಿ ಅಣ್ಣ. ನನಗೆ ಈ ಕೆಲಸ ಆಗಲ್ಲ. ಮೈದುನ ಬರಲಿ ಅಂತ ನಾನೇ ಹೇಳ್ಬಿಡ್ತೀನಿ."

ಅವನು ಆ ದಿನ ಬಾಯಿ ಬಿಡಲಿಲ್ಲ. ಬಿಟ್ಟರೆ ಸ್ಟೂಲು ಹೋಗುತ್ತದೆ ಎಂದು ಗೊತ್ತಿತ್ತು. ಮನೆಗೆ ಹೋಗಿ ಗೋಡೆ ನೋಡುತ್ತ ಕೂತ. ಹನ್ನೊಂದನೆಯ ದಿನ ಭಾನುವಾರ. ಅಕ್ಕನ ಫೋನು ಬಂದಾಗ ತಡೆಯಲಾಗದೆ ಎಲ್ಲವನ್ನೂ ಹೇಳಿಬಿಟ್ಟ.

"ಲೋ, ಒಬ್ಬ ಹೆಂಗಸಿನ ಬಾಳು ಕಣೋ ಅದು. ಹೋಗಿ ಹೇಳು. ಹೇಳ್ದೆ ಇದ್ರೆ ಮುಂದಿನ ಭಾನುವಾರ ನಾನು ಫೋನ್ ಮಾಡಲ್ಲ."

ಹನ್ನೆರಡನೆಯ ದಿನ ಮಧ್ಯಾಹ್ನ ಕೊನೆಯ ಚೀಟಿ ಮುಗಿಯಿತು. ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ಅತ್ತೆ ಫ್ರೇಮು ಒರೆಸುತ್ತಿದ್ದಳು. ಅವನು ಎದ್ದು ನಿಂತ.

"ಅಮ್ಮಾ, ಇವರನ್ನ ಬೈಬೇಡಿ" ಎಂದ ಅತ್ತೆಯ ಕಡೆ ತಿರುಗಿ. "ತಪ್ಪು ಇವರದ್ದಲ್ಲ, ನಂದು. ಆ ಪೆಟ್ಟಿಗೆ ಬರದ ಹಾಗೆ ಮಾಡೋಕೆ ನಾಲ್ಕು ವರ್ಷದಿಂದ ನನಗೆ ಗೊತ್ತಿತ್ತು. ಮಾಡ್ಲಿಲ್ಲ. ಬರೋ ಹಾಗೆ ನಾನೇ ಮಾಡ್ತಿದ್ದೆ. ಬಣ್ಣ ಬದಲಾಯಿಸ್ತಿದ್ದೆ, ಅಷ್ಟೇ. ಬೇರೇನೂ ಸುಧಾರಣೆ ಇಲ್ಲ. ವಿವರ ನೋಡ್ದೆ ಒತ್ತಿ ಒತ್ತಿ ಇವರಿಗೆ ಅಭ್ಯಾಸ ಮಾಡ್ಸಿದ್ದು ನಾನು."

ಅತ್ತೆಯ ಕೈಯಲ್ಲಿನ ಬಟ್ಟೆ ನಿಂತಿತು. ಸೊಸೆಗೆ ಮೊದಲು ಅರ್ಥವಾಗಲಿಲ್ಲ.

"ಯಾಕೆ?" ಎಂದಳು.

"ಪೆಟ್ಟಿಗೆ ಬಂದ್ರೆ ನೀವು ಕರೀತಿದ್ರಿ. ಇಲ್ಲಿ ಬಂದು ಕೂರಬಹುದಿತ್ತು."

ಹೊರಗೆ ಬಸ್ಸು ಬಂತು, ಜನ ಇಳಿದರು, ಬಸ್ಸು ಹೋಯಿತು.

"ಬರ್ತೀನಿ ಅಂತ ಒಂದು ಮಾತು ಹೇಳಿದ್ರೆ ಆಗ್ತಿರ್ಲಿಲ್ವಾ?" ಎಂದಳು ಅವಳು. "ಸುಮ್ನೆ ಬರ್ತೀನಿ, ಟೀ ಕುಡಿದು ಹೋಗ್ತೀನಿ ಅಂದಿದ್ರೆ ನಾನು ಬೇಡ ಅಂತಿದ್ನಾ? ಆಗ ಅಂತಿರ್ಲಿಲ್ಲ. ಈಗ ಅಂತೀನಿ. ಬರ್ಬೇಡಿ."

ಅವನು ಬ್ಯಾಗು ತೆಗೆದುಕೊಂಡ. ಮೆಟ್ಟಿಲು ಇಳಿಯುವಾಗ ಮಂಡಿ ಚುಚ್ಚಿತು. ಹಿಂದೆ ಅತ್ತೆ ಸೊಸೆಗೆ ಏನೋ ಹೇಳುತ್ತಿದ್ದಳು, ಬೈಯುವ ದನಿಯಲ್ಲಲ್ಲ. ಅದೊಂದು ಅವನಿಗೆ ಸಮಾಧಾನ ಕೊಟ್ಟಿತು. ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಕೂತು ಅತ್ತ, ಯಾರೂ ನೋಡಲಿಲ್ಲ.

ಮನೆಗೆ ಬಂದವನೇ ಗುರುತಿನ ಪತ್ರ ಸಿದ್ಧಮಾಡಿ ಸಹಿಗೆ ಅರ್ಜಿ ಹಾಕಿದ. ಮೂರು ವಾರಕ್ಕೆ ಸಹಿ ಬಂತು. ನೋಟಕ್ಕೆ ಸಹಿ ಹಾಕಿ, ಪ್ರತಿಯನ್ನು ಬೇರೆ ಡಿಸ್ಕಿಗೆ ತೆಗೆದಿಡುವ ಏರ್ಪಾಟನ್ನು ಸೇರಿಸಿದ; ನಾಲ್ಕು ವರ್ಷದಲ್ಲಿ ಅವನು ಮಾಡಿದ ನಿಜವಾದ ಸುಧಾರಣೆ ಅದೊಂದೇ. ಆಂಟಿವೈರಸ್ ಕಂಪನಿಗೆ ಪರೀಕ್ಷೆಗೆ ಕಳಿಸಿದ. ಎರಡು ದಿನದಲ್ಲಿ ಉತ್ತರ ಬಂತು: ಪರೀಕ್ಷಿಸಲಾಗಿದೆ, ಸುರಕ್ಷಿತ, ತಯಾರಕರ ಗುರುತು ತಿಳಿದಿದೆ. ಯಾರೆಂದು ತಿಳಿದಿದೆಯಂತೆ. ಅವನು ಅದನ್ನು ಎರಡು ಸಲ ಓದಿ ಮುಚ್ಚಿದ. ಇಪ್ಪತ್ತಮೂರು ಅಂಗಡಿಗಳಿಗೂ ಒಂದು ಪತ್ರ ಬರೆದ. ಇನ್ನು ಮೇಲೆ ನನ್ನ ಫೈಲಿಗೆ ಪೆಟ್ಟಿಗೆ ಬರುವುದಿಲ್ಲ. ಬಂದರೆ ಅದು ನನ್ನದಲ್ಲ, ಒತ್ತಬೇಡಿ, ವಿವರ ಓದಿ, ಕಳಿಸಿದವರನ್ನು ಕೇಳಿ. ಪತ್ರದ ಜೊತೆ ಹೊಸ ನೋಟವನ್ನೂ ಕಳಿಸಿದ.

ಮಾರನೆಯ ದಿನ ಬೆಳಿಗ್ಗೆ ಎಂಟಕ್ಕೇ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಫೋನಿನ ಮುಂದೆ ಕೂತ. ಅಭ್ಯಾಸ ನೋಡಿ! ಹತ್ತೂವರೆಗೆ ಫೋನು ಬಂತು. ಬಸ್‌ಸ್ಟಾಪಿನ ಅಂಗಡಿಯದು.

"ಹೊಸದು ಹಾಕ್ಕೊಂಡೆ. ಪೆಟ್ಟಿಗೆ ಬರ್ಲಿಲ್ಲ" ಎಂದಳು ಅಂಗಡಿಯಾಕೆ. "ಹಾಗೇ ತಾನೇ ಇರ್ಬೇಕಾದ್ದು?"

"ಹಾಗೇ. ಇನ್ಮೇಲೆ ಬರಲ್ಲ." ಸ್ವಲ್ಪ ತಡೆದು ಕೇಳಿದ, "ಅಂಗಡೀಲಿ ನೀವೇ ಕೂರ್ತಿದ್ದೀರಾ?"

"ನಾನೇ."

"ಒಳ್ಳೇದಾಯ್ತಮ್ಮಾ."

"ಹಾಗಾದ್ರೆ ನೀವು ಬರೋ ಕೆಲಸ ಇನ್ನಿಲ್ಲ."

"ಇಲ್ಲ" ಎಂದ ಅವನು. ಆಮೇಲೆ ಹುಟ್ಟಿದಾಗಿನಿಂದ ಯಾರನ್ನೂ ಕೇಳದಿದ್ದ ಮಾತನ್ನು, ಕಣ್ಣು ಮುಚ್ಚಿಕೊಂಡು, ಕೇಳಿಬಿಟ್ಟ: "ಕೆಲಸ ಇಲ್ದೆ ಬರ್ಲಾ?"

ಆ ಕಡೆಯಿಂದ ಫ್ಯಾನಿನ ಸದ್ದು ಕೇಳುತ್ತಿತ್ತು. ಅದರ ಹಿಂದಿನಿಂದ ಅತ್ತೆಯ ದನಿ: "ಯಾರೇ ಅದು?"

"ಕಂಪ್ಯೂಟರ್‌ನವ್ರು, ಅತ್ತೆ" ಎಂದಳು ಅವಳು. ಮತ್ತೆ ಇವನಿಗೆ, ಮೆಲ್ಲಗೆ, "ಗಿರಾಕಿ ಇದ್ದಾರೆ, ಇಡ್ತೀನಿ" ಎಂದು ಇಟ್ಟುಬಿಟ್ಟಳು.

ಅವನು ಅದೇ ಅಂಗಿಯಲ್ಲಿ ಸಂಜೆ ಆರರವರೆಗೆ ಕೂತಿದ್ದ. ಉಳಿದ ಇಪ್ಪತ್ತೆರಡು ಅಂಗಡಿಗಳಲ್ಲಿ ಒಂದರಿಂದಲೂ ಫೋನು ಬರಲಿಲ್ಲ. ಪ್ರೋಗ್ರಾಮು ಎಲ್ಲ ಕಡೆಯೂ ಸರಿಯಾಗಿ ನಡೆಯುತ್ತಿತ್ತು.